ಪೌಂಡಿನ ಊರಿಗೆ ಹೊರಟವರಿಗೆ

ನಾನು ದಿನಸಿ ಅಂಗಡಿಯವನ ಮಗ. ಅಕ್ಷರ ಕಲಿಯುವ ಮೊದಲೇ ತಕ್ಕಡಿಯ ಮುಳ್ಳು ನೋಡುವುದನ್ನು ಕಲಿತೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲಕ್ಕೇ ಸೇರು, ಛಟಾಕು, ಮಣಗಳೆಲ್ಲ ಗಂಟುಮೂಟೆ ಕಟ್ಟಿದ್ದು. 1956ರಲ್ಲಿ ಕಾನೂನು ಬಂತು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಜಾರಿಯಾಯಿತು. ಹೊಸ ತೂಕದ ಬಟ್ಟುಗಳು ಅಂಗಡಿಗೆ ಬಂದ ಮೇಲೂ ಗಿರಾಕಿಗಳು ‘ಅದೆಲ್ಲ ಇರಲಿ ಶೆಟ್ರೇ, ಸೇರಿಗೆ ಎಷ್ಟಾಯ್ತು ಹೇಳಿ’ ಎನ್ನುತ್ತಿದ್ದರು. ಅದೂ ಯಾವ ಸೇರು? 80 ತೊಲದ ಪಕ್ಕಾ ಸೇರು 933 ಗ್ರಾಂ. 24 ತೊಲದ ಕಚ್ಚಾ ಸೇರು 280 ಗ್ರಾಂ. ಅಪ್ಪ ಎರಡನ್ನೂ ಬಾಯಲ್ಲೇ ತಿರುಗಿಸಿ ಹೇಳುತ್ತಿದ್ದರು.

ಆ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಮಗಳು ಅಮೆರಿಕ ಸೇರಿದಳು, ಬಾಣಂತನಕ್ಕೆ ನಾವು ಹೊರಟೆವು, ಎಪ್ಪತ್ತರ ಹತ್ತಿರ ಬಂದು ಮತ್ತೆ ತೂಕದ ಮಗ್ಗಿ ಬಾಯಿಪಾಠ ಮಾಡುವಂತಾಯಿತು. ಈಗ ಬಡಾವಣೆಯಿಂದ ಯಾರೇ ಹೊರಟರೂ ವೀಸಾ, ಸ್ವೆಟರ್, ಬಿಪಿ ಮಾತ್ರೆ ಎಲ್ಲದರ ಬಗ್ಗೆ ವಿಚಾರಿಸುತ್ತಾರೆ, ತೂಕದ ಸುದ್ದಿ ಮಾತ್ರ ಎತ್ತುವುದಿಲ್ಲ. ಕೇಳದಿದ್ದರೂ ಹೇಳುವುದು ವಯಸ್ಸಾದವರ ಚಟ.

• ಫೋನಿನಲ್ಲಿ ಲೆಕ್ಕ ಸಿಗುತ್ತದೆ, ನಿಜ. ಆದರೆ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ತಳ್ಳುಗಾಡಿ ಇದ್ದಾಗ ಫೋನು ಜೇಬಿನಲ್ಲೇ ಉಳಿಯುತ್ತದೆ. ಒಂದೇ ಒಂದು ಸಂಖ್ಯೆ ನೆನಪಿಡಿ: ಕಿಲೋಗೆ 2.2 ಪೌಂಡು. ಕಿಲೋದಿಂದ ಪೌಂಡಿಗೆ ಹೋಗಬೇಕಾದರೆ ದುಪ್ಪಟ್ಟು ಮಾಡಿ, ಬಂದದ್ದಕ್ಕೆ ಅದರ ಹತ್ತರಲ್ಲೊಂದು ಪಾಲು ಸೇರಿಸಿ. 70 ಕಿಲೋ ಇದ್ದೀರಾ? 140, ಅದಕ್ಕೆ 14, ಒಟ್ಟು 154 ಪೌಂಡು. ಪೌಂಡಿನಿಂದ ಕಿಲೋಗೆ ಬರುವಾಗ ಅರ್ಧ ಮಾಡಿ, ಆ ಅರ್ಧದ ಹತ್ತರಲ್ಲೊಂದು ಪಾಲು ಕಳೆಯಿರಿ. 150 ಪೌಂಡಿನ ಅರ್ಧ 75, ಏಳೂವರೆ ಕಳೆದರೆ 67.5 ಕಿಲೋ. ಸರಿಯಾದ ಉತ್ತರ 68. ಅಂದರೆ ಈ ಬಾಯಿಲೆಕ್ಕ ಸಾವಿರಕ್ಕೆ ಎಂಟರಷ್ಟು ಕಡಿಮೆ ತೋರಿಸುತ್ತದೆ. ಅಕ್ಕಿ, ಬೇಳೆ, ಆಲೂಗಡ್ಡೆಗೆ ಧಾರಾಳವಾಯಿತು. ಚಿನ್ನಕ್ಕೂ ಔಷಧಿಗೂ ಆಗದು. ಅವುಗಳ ಮಾತು ಮುಂದೆ ಬರುತ್ತದೆ.

• ಪೊಟ್ಟಣದ ಮೇಲೆ ಪೌಂಡನ್ನು ‘ಎಲ್‌ಬಿ’ ಎಂದೂ ಔನ್ಸನ್ನು ‘ಓಝಡ್’ ಎಂದೂ ಬರೆದಿರುತ್ತಾರೆ. ಮೊದಲನೆಯದು ಲ್ಯಾಟಿನ್ನಿನ ‘ಲಿಬ್ರಾ’ದಿಂದ ಬಂದದ್ದು. ಅದರ ಅರ್ಥ ತಕ್ಕಡಿ. ನಮ್ಮ ತುಲಾ ರಾಶಿಗೆ ಅವರಿಡುವ ಹೆಸರೂ ಅದೇ.

• ಸೂಟ್‌ಕೇಸಿಗೆ ಬನ್ನಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕಿಲೋ. ಅದನ್ನೇ ಅವರು 50 ಪೌಂಡು ಎನ್ನುತ್ತಾರೆ. ಎರಡೂ ಒಂದೇ ಅಲ್ಲ: 23 ಕಿಲೋ ಅಂದರೆ 50.7 ಪೌಂಡು, 50 ಪೌಂಡು ಅಂದರೆ 22.7 ಕಿಲೋ. ನಡುವಿನ ಮುನ್ನೂರು ಗ್ರಾಂ ಒಂದು ಡಬ್ಬಿ ಚಟ್ನಿಪುಡಿಯ ತೂಕ. ಎರಡರಲ್ಲಿ ಕಡಿಮೆಯದನ್ನೇ ಹಿಡಿದು ತುಂಬಿದರೆ ಜಗಳವಿಲ್ಲ.

ಕೊಕ್ಕೆಗೆ ನೇತುಹಾಕಿ ತೂಗುವ ಪುಟ್ಟ ಯಂತ್ರ ಬಂದಿದೆಯಲ್ಲ, ಅದರ ಹಿಂಬದಿಯಲ್ಲಿ ಕಿಲೋಗೂ ಪೌಂಡಿಗೂ ಬದಲಾಯಿಸುವ ಗುಂಡಿ ಇರುತ್ತದೆ. ನಮ್ಮ ಮೊದಲ ಪ್ರಯಾಣದ ಹಿಂದಿನ ರಾತ್ರಿ ಆ ಗುಂಡಿ ಯಾವಾಗ ಜಾರಿತ್ತೋ, ಪೆಟ್ಟಿಗೆ ಎತ್ತಿ ಹಿಡಿದರೆ ಪರದೆಯಲ್ಲಿ 23 ಮೂಡಿತು. ‘ಮುಗೀತು, ಇನ್ನು ಒಂದು ಹಪ್ಪಳಾನೂ ಹಿಡಿಸಲ್ಲ’ ಎಂದು ಘೋಷಿಸಿದೆ. ಬಾಣಂತಿಗೆಂದು ಮಾಡಿದ್ದ ಅಂಟಿನುಂಡೆ, ಮೆಂತ್ಯದ ಹಿಟ್ಟು, ಹುಳಿಪುಡಿ ಎಲ್ಲ ಮಂಚದ ಮೇಲೆ ಅನಾಥವಾಗಿ ಕೂತಿದ್ದವು. ನನ್ನಾಕೆ ಬಂದವಳೇ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ, ‘ಇದು ಇಪ್ಪತ್ಮೂರು ಕಿಲೋನಾ? ಅಂಗಡಿ ನಡೆಸಿದ ವಂಶ ನಿಮ್ಮದು’ ಎಂದಳು. ನೋಡಿದರೆ 23 ಪೌಂಡು, ಹತ್ತೂವರೆ ಕಿಲೋ ಕೂಡ ಸರಿಯಾಗಿ ಆಗಿರಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಸಂಖ್ಯೆ ನೋಡಿದ ನಾನು ಅದರ ಪಕ್ಕದ ಎರಡಕ್ಷರ ನೋಡಿರಲಿಲ್ಲ.

• ಇದೇ ತಪ್ಪನ್ನು ನನಗಿಂತ ತುಂಬ ದೊಡ್ಡವರು ತುಂಬ ದೊಡ್ಡ ಪೆಟ್ಟಿಗೆಯಲ್ಲಿ ಮಾಡಿದ್ದಾರೆ. 1983ರ ಜುಲೈ 23. ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767 ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಕೆನಡಾ ಆಗಷ್ಟೇ ಪೌಂಡಿನಿಂದ ಕಿಲೋಗೆ ಹೊರಳುತ್ತಿದ್ದ ಕಾಲ. ಆ ಕಂಪನಿಯ ವಿಮಾನಗಳಲ್ಲಿ ಕಿಲೋ ಲೆಕ್ಕಕ್ಕೆ ಮೊದಲು ಬಂದದ್ದೇ ಈ 767. ಇಂಧನ ತೋರಿಸುವ ಮಾಪಕ ಕೆಟ್ಟಿತ್ತು. ಟ್ಯಾಂಕಿನ ಅಳತೆ ಕಡ್ಡಿ ನೋಡಿ ಲೀಟರಿನಲ್ಲಿ ಲೆಕ್ಕಹಾಕಿದರು: 7,682 ಲೀಟರ್. ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು ಸುಮಾರು 0.8ರಿಂದ ಗುಣಿಸಬೇಕು. ಅವರು ರೂಢಿಯಂತೆ 1.77ರಿಂದ ಗುಣಿಸಿದರು. ಅದು ಲೀಟರನ್ನು ಪೌಂಡು ಮಾಡುವ ಸಂಖ್ಯೆ! 13,597 ಬಂತು. ಅದು ಪೌಂಡು, ಅವರು ಕಿಲೋ ಎಂದೇ ಓದಿದರು. ಇಪ್ಪತ್ತು ಸಾವಿರ ಲೀಟರ್ ತುಂಬಬೇಕಾದಲ್ಲಿ ಐದು ಸಾವಿರವನ್ನೂ ತುಂಬಲಿಲ್ಲ.

41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನದ ಎಚ್ಚರಿಕೆ ಮೊಳಗಿತು, ಸ್ವಲ್ಪ ಹೊತ್ತಿನಲ್ಲೇ ಒಂದಾದ ಮೇಲೊಂದರಂತೆ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸುವ ಹವ್ಯಾಸ ಇದ್ದದ್ದು ವಿಮಾನದಲ್ಲಿದ್ದ 69 ಜನರ ಪುಣ್ಯ. ಮ್ಯಾನಿಟೋಬಾದ ಗಿಮ್ಲಿ ಎಂಬಲ್ಲಿ ಹಳೆಯ ವಾಯುಸೇನೆಯ ರನ್‌ವೇ ಇತ್ತು, ಆಗ ಅದು ಕಾರ್ ರೇಸಿನ ಅಂಗಳವಾಗಿತ್ತು. ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಅಲ್ಲಿಳಿಸಿದರು. ಯಾರೂ ಸಾಯಲಿಲ್ಲ. ಲೆಕ್ಕವನ್ನು ಒಬ್ಬರಲ್ಲ, ಹಲವರು ನೋಡಿದ್ದರು. ಎಲ್ಲರೂ ನೋಡಿದ್ದು ಗುಣಾಕಾರ ಸರಿಯಿದೆಯೇ ಎಂದು. ಗುಣಾಕಾರ ಸರಿಯಾಗಿಯೇ ಇತ್ತು. ಸೂಟ್‌ಕೇಸನ್ನು ಎತ್ತಿ ನೋಡಿದಂತೆ ವಿಮಾನವನ್ನು ಎತ್ತಿ ನೋಡುವ ಹೆಂಡತಿ ಯಾರಿಗಿದ್ದಾಳೆ?

ಹಾಗಾಗಿ ಚೀಟಿಯಲ್ಲಿ ಬರಿಯ ಅಂಕಿ ಬರೆಯಬೇಡಿ. 23 ಎಂದರೆ ಏನೂ ಅಲ್ಲ. 23 ಕಿಲೋ ಎಂದು ಬರೆಯಿರಿ.

• ಇಂಡಿಯನ್ ಸ್ಟೋರಿನಲ್ಲಿ ಸೋನಾ ಮಸೂರಿಯ ಚೀಲ 20 ಪೌಂಡು: ಒಂಬತ್ತು ಕಿಲೋ. ನಾಲ್ಕು ಪೌಂಡಿನ ತೊಗರಿಬೇಳೆ ಒಂದು ಕಿಲೋ ಎಂಟುನೂರು. ಎರಡು ಪೌಂಡಿನದು 907 ಗ್ರಾಂ. ಕಿಲೋ ಎಂದುಕೊಂಡು ತಂದರೆ ಒಂದು ದಿನದ ಸಾರಿನ ಬೇಳೆ ಕಡಿಮೆ. ಬೆಲೆ ತಿರುಗಿಸುವಾಗ ಜಾಣರೂ ಎಡವುತ್ತಾರೆ. ಪೌಂಡು ಕಿಲೋ ಆಗುವಾಗ ಅಂಕಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಆದರೆ ಬೆಲೆ ದುಪ್ಪಟ್ಟಿಗಿಂತ ಮೇಲೇರುತ್ತದೆ. ಬೆಂಡೆಕಾಯಿ ಪೌಂಡಿಗೆ 3 ಡಾಲರ್ ಎಂದಿದ್ದರೆ ಕಿಲೋಗೆ 6 ಡಾಲರ್ 60 ಸೆಂಟು. ಅಲ್ಲಿಗೇ ನಿಲ್ಲಿಸಿ. ಅದನ್ನು ರೂಪಾಯಿ ಮಾಡಲು ಹೋದರೆ ಆರು ತಿಂಗಳೂ ಬೆಂಡೆಕಾಯಿ ತಿನ್ನಲಾರಿರಿ.

• ಪೌಂಡಿಗೆ ಔನ್ಸು ಹದಿನಾರು. ನಮ್ಮ ವಯಸ್ಸಿನವರಿಗೆ ಇದು ಮಕ್ಕಳಿಗಿಂತ ಸಲೀಸು, ಯಾಕೆಂದರೆ ನಾವು ಆಣೆ ಕಂಡವರು. ರೂಪಾಯಿಗೆ ಹದಿನಾರಾಣೆ, ಪೌಂಡಿಗೆ ಹದಿನಾರು ಔನ್ಸು. ನಾಲ್ಕಾಣೆ ಕಾಲು, ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ಗ್ರಾಂ ಬೇಕೆಂದರೆ ಔನ್ಸಿಗೆ 28 ಎಂದು ಹಿಡಿಯಿರಿ (ಸರಿಯಾಗಿ ಹೇಳುವುದಾದರೆ 28.35). ನಾಲ್ಕು ಔನ್ಸಿಗೆ 113, ಎಂಟಕ್ಕೆ 227, ಇಡೀ ಪೌಂಡಿಗೆ 454.

• ಈ ಹದಿನಾರಾಣೆ ಲೆಕ್ಕ ತಲೆಯಲ್ಲಿ ಇರಬೇಕಾದದ್ದು ಕೂಸು ಹುಟ್ಟಿದ ಘಳಿಗೆಯಲ್ಲಿ. ಆಸ್ಪತ್ರೆಯಲ್ಲಿ ಮನೆಯವರಿಗೆ ‘ಏಳು ಪೌಂಡು ಹನ್ನೆರಡು ಔನ್ಸು’ ಎನ್ನುತ್ತಾರೆ. ನಾನು ಸಂಭ್ರಮದಲ್ಲಿ ಊರಿಗೆ ಫೋನು ಮಾಡಿ ‘ಏಳು ಪಾಯಿಂಟ್ ಹನ್ನೆರಡು’ ಎಂದುಬಿಟ್ಟೆ. ಅತ್ತಿಗೆ ಅದನ್ನು ಲೆಕ್ಕಹಾಕಿ ಮೂರು ಕಿಲೋ ಇನ್ನೂರ ಮೂವತ್ತು ಎಂದು ಊರಿಗೆಲ್ಲ ಸಾರಿದಳು. ನಿಜಕ್ಕೂ ಹನ್ನೆರಡು ಔನ್ಸು ಎಂದರೆ ಮುಕ್ಕಾಲು ಪೌಂಡು, 7.75 ಪೌಂಡು, ಅಂದರೆ ಮೂರೂವರೆ ಕಿಲೋ. ನನ್ನ ಒಂದು ಪಾಯಿಂಟಿಗೆ ಮೊಮ್ಮಗಳು 285 ಗ್ರಾಂ ಇಳಿದುಹೋದಳು. ‘ಅಲ್ಲಿ ಊಟ ಸರಿ ಇಲ್ಲ ಅಂತ ಮೊದಲೇ ಹೇಳಿದ್ದೆ’ ಎಂಬ ಮಾತನ್ನು ನನ್ನ ಮಗಳು ವರ್ಷಗಟ್ಟಲೆ ಕೇಳಿದಳು.

ಒಂದು ಗುರುತು ಇಟ್ಟುಕೊಳ್ಳಿ: ಐದೂವರೆ ಪೌಂಡು ಎಂದರೆ ಎರಡೂವರೆ ಕಿಲೋ. ಹುಟ್ಟುವಾಗ ಅದಕ್ಕಿಂತ ಕಡಿಮೆಯಿದ್ದರೆ ಇಲ್ಲಿಯ ಡಾಕ್ಟರೂ ಅಲ್ಲಿಯ ಡಾಕ್ಟರೂ ಕಡಿಮೆ ತೂಕದ ಕೂಸು ಎನ್ನುತ್ತಾರೆ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿದು, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದಾಗಿನಷ್ಟಾಗುತ್ತದೆ. ಅದು ಸಹಜ. ಈ ದಿನಗಳಲ್ಲಿ ಒಂದು ಸಲ ಕಿಲೋದಲ್ಲಿ, ಇನ್ನೊಂದು ಸಲ ಪೌಂಡಿನಲ್ಲಿ ಬರೆದಿಟ್ಟು, ಬಾಯಿಲೆಕ್ಕದಲ್ಲಿ ಹೋಲಿಸಿ, ಇಲ್ಲದ ಇಳಿತ ಕಂಡು ಬಾಣಂತಿಯನ್ನು ಅಳಿಸಬೇಡಿ. ಯಾವುದಾದರೂ ಒಂದರಲ್ಲೇ ಬರೆಯಿರಿ.

• ಹಾಲಿನ ಬಾಟಲಿಯ ಮೇಲೂ ‘ಓಝಡ್’ ಇರುತ್ತದೆ. ಅದು ತೂಕದ ಔನ್ಸಲ್ಲ, ದ್ರವದ ಔನ್ಸು: ಸುಮಾರು 30 ಮಿಲಿಲೀಟರ್. ಕೂಸು ನಾಲ್ಕು ಔನ್ಸು ಕುಡಿಯಿತು ಎಂದರೆ 120 ಮಿಲಿ ಎಂದು ತಿಳಿಯಿರಿ. ನೀರು, ಹಾಲುಗಳಲ್ಲಿ ಎರಡು ಔನ್ಸೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಗೊಂದಲ ಮುಚ್ಚಿಹೋಗುತ್ತದೆ. ಜೇನುತುಪ್ಪಕ್ಕೆ ಬಂದಾಗ ಬಯಲಾಗುತ್ತದೆ. ಎಂಟು ದ್ರವ ಔನ್ಸು ಜೇನು ತೂಗಿದರೆ ಹನ್ನೊಂದು ಔನ್ಸು ದಾಟುತ್ತದೆ. ನಮ್ಮ ಸೇರಿಗೂ ಇದೇ ರೋಗವಿತ್ತು, ಅಳೆಯುವ ಸೇರೇ ಬೇರೆ, ತೂಗುವ ಸೇರೇ ಬೇರೆ.

• ಔಷಧಿಯ ವಿಷಯದಲ್ಲಿ ನನ್ನ ಬಾಯಿಲೆಕ್ಕ ಪೂರ್ತಿ ಮರೆತುಬಿಡಿ. ಮಕ್ಕಳ ಔಷಧಿಯ ಪ್ರಮಾಣವನ್ನು ಡಾಕ್ಟರು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕಹಾಕುತ್ತಾರೆ. ಮನೆಯ ತೂಕದ ಯಂತ್ರದಲ್ಲಿ 22 ಎಂದು ಕಂಡದ್ದು ಪೌಂಡು, ಅಂದರೆ ಹತ್ತು ಕಿಲೋ. ಅದನ್ನು 22 ಕಿಲೋ ಎಂದು ಹೇಳಿದರೆ ಮಗುವಿನ ಹೊಟ್ಟೆಗೆ ಎರಡು ಪಟ್ಟಿಗಿಂತ ಹೆಚ್ಚು ಔಷಧಿ. ನರ್ಸು ತೂಕ ಕೇಳಿದಾಗ ಅಂಕಿಯ ಜೊತೆ ಪೌಂಡೋ ಕಿಲೋವೋ ಎಂದು ಬಾಯಿಬಿಟ್ಟು ಹೇಳಿ. ಪ್ರಮಾಣ ಎಷ್ಟೆಂದು ಅವರಿಂದಲೇ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಮುಟ್ಟಬೇಡಿ, ಬಾಟಲಿಯ ಜೊತೆ ಕೊಡುವ ಸಿರಿಂಜಿನಲ್ಲೇ ಅಳೆಯಿರಿ. ಇನ್ನೊಂದು ಮಾತು: ಅಲ್ಲಿ ಅಸಿಟಾಮಿನೋಫೆನ್ ಎನ್ನುವುದು ನಮ್ಮ ಪ್ಯಾರಸಿಟಮಾಲೇ. ಊರಿಂದ ತಂದದ್ದನ್ನೂ ಅಲ್ಲಿಯದನ್ನೂ ಬೇರೆಬೇರೆ ಎಂದು ತಿಳಿದು ಎರಡೂ ಕೊಟ್ಟೀರಿ, ಜೋಕೆ.

• ತುಪ್ಪ ಕಾಯಿಸುವವರಿಗೆ: ಅಲ್ಲಿ ಬೆಣ್ಣೆ ಕಡ್ಡಿಯ ಲೆಕ್ಕದಲ್ಲಿ ಸಿಗುತ್ತದೆ. ಒಂದು ಕಡ್ಡಿ ನಾಲ್ಕು ಔನ್ಸು, 113 ಗ್ರಾಂ. ನಾಲ್ಕು ಕಡ್ಡಿಯ ಪೆಟ್ಟಿಗೆ ಒಂದು ಪೌಂಡು. ಅಮೆರಿಕದ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80 ಇರಲೇಬೇಕೆಂಬ ನಿಯಮವಿದೆ, ಹಾಗಾಗಿ ಪೆಟ್ಟಿಗೆಗೆ ಸುಮಾರು 360 ಗ್ರಾಂ ತುಪ್ಪ. ಉಪ್ಪು ಹಾಕದ ಬೆಣ್ಣೆಯನ್ನೇ ತನ್ನಿ. ಮೊದಲ ಸಲ ನಾವು ನೋಡದೆ ಉಪ್ಪಿನದನ್ನು ಕಾಯಿಸಿ, ತುಪ್ಪದ ತಳದ ಗಸಿಯನ್ನು ಬಾಯಿಗಿಟ್ಟ ಅಳಿಯನ ಮುಖ ನೋಡಬೇಕಾಯಿತು.

• ಚಿನ್ನ. ಟೀವಿಯಲ್ಲಿ ಔನ್ಸಿಗೆ ಇಷ್ಟು ಡಾಲರ್ ಎಂದು ಓಡುತ್ತದಲ್ಲ, ಅದು ಬೆಣ್ಣೆಯ ಔನ್ಸಲ್ಲ, ಟ್ರಾಯ್ ಔನ್ಸು: 31.1 ಗ್ರಾಂ. ಗ್ರಾಮಿನ ಬೆಲೆ ಬೇಕಾದರೆ 31.1ರಿಂದ ಭಾಗಿಸಿ. 28.35ರಿಂದ ಭಾಗಿಸಿದರೆ ಗ್ರಾಮಿನ ಬೆಲೆ ನೂರಕ್ಕೆ ಹತ್ತರಷ್ಟು ಹೆಚ್ಚಿ ಕಂಡು, ‘ನಮ್ಮೂರೇ ಅಗ್ಗ’ ಎಂಬ ಭ್ರಮೆ ಹುಟ್ಟುತ್ತದೆ. ಟ್ರಾಯ್ ಔನ್ಸು ದೊಡ್ಡದು, ಆದರೆ ಟ್ರಾಯ್ ಪೌಂಡಿಗೆ ಅಂಥವು ಹನ್ನೆರಡೇ, ಒಟ್ಟು 373 ಗ್ರಾಂ. ಹೀಗಾಗಿ ಒಂದು ಔನ್ಸು ಚಿನ್ನ ಒಂದು ಔನ್ಸು ಹತ್ತಿಗಿಂತ ಭಾರ, ಒಂದು ಪೌಂಡು ಚಿನ್ನ ಒಂದು ಪೌಂಡು ಹತ್ತಿಗಿಂತ ಹಗುರ. ಮೊಮ್ಮಕ್ಕಳಿಗೆ ಒಗಟು ಹಾಕಲು ಒಳ್ಳೆಯದು.

ನಮ್ಮ ತೊಲವೂ ಈ ಟ್ರಾಯ್ ಮನೆತನದ್ದೇ. ಬ್ರಿಟಿಷರು ತೊಲವನ್ನು 180 ಗ್ರೇನಿಗೆ ಕಟ್ಟಿದರು, ಟ್ರಾಯ್ ಔನ್ಸು 480 ಗ್ರೇನು. ಎಂಟು ತೊಲಕ್ಕೆ ಸರಿಯಾಗಿ ಮೂರು ಟ್ರಾಯ್ ಔನ್ಸು. ಒಂದು ತೊಲ 11.66 ಗ್ರಾಂ. ಈಗ ಕೆಲವರು ಹತ್ತು ಗ್ರಾಮನ್ನೇ ತೊಲ ಎನ್ನುತ್ತಾರೆ; ಅಜ್ಜಿಯ ಕಾಲದ ‘ಹತ್ತು ತೊಲದ ಸರ’ವನ್ನು ಅಂಥವರ ಮುಂದೆ ಇಡುವಾಗ ಆ ಹದಿನಾರೂವರೆ ಗ್ರಾಂ ಎಲ್ಲಿ ಹೋಯಿತೆಂದು ಕೇಳಿ. ಸವರನ್ನು ಎಂದರೆ ಎಂಟು ಗ್ರಾಂ ಎನ್ನುವುದೂ ದುಂಡು ಮಾಡಿದ ಲೆಕ್ಕ. ಬ್ರಿಟಿಷ್ ನಾಣ್ಯ 7.98 ಗ್ರಾಂ ತೂಗುತ್ತದೆ, ಅದೂ 22 ಕ್ಯಾರಟ್.

• ಇಂಗ್ಲೆಂಡಿಗೆ ಹೋಗುವವರು 14 ಎಂಬ ಅಂಕಿ ಇಟ್ಟುಕೊಳ್ಳಿ. ಅಲ್ಲಿ ಮೈತೂಕವನ್ನು ಈಗಲೂ ‘ಸ್ಟೋನ್’ನಲ್ಲಿ ಹೇಳುವವರು ಬಹಳ. 14 ಪೌಂಡಿಗೆ ಒಂದು ಸ್ಟೋನ್, ಆರು ಕಿಲೋ ಮುನ್ನೂರೈವತ್ತು ಗ್ರಾಂ. ಹನ್ನೊಂದು ಸ್ಟೋನ್ ನಾಲ್ಕು ಎಂದರೆ 158 ಪೌಂಡು, 72 ಕಿಲೋದ ಆಸುಪಾಸು. ತೂಕದ ಕಲ್ಲು ಎಂದು ನಾವೂ ಅನ್ನುತ್ತಿದ್ದೆವಲ್ಲ, ಹೆಸರು ಕೇಳಿ ನನಗೆ ಪರಕೀಯವೆನಿಸಲಿಲ್ಲ. ಅಂಗಡಿಯಲ್ಲಿ ಮಾತ್ರ ಕಿಲೋ ಕಡ್ಡಾಯ. 2000ದಲ್ಲಿ ಸಂಡರ್‌ಲೆಂಡಿನ ಸ್ಟೀವ್ ಥೋಬರ್ನ್ ಎಂಬ ವ್ಯಾಪಾರಿ ಪೌಂಡಿನ ತಕ್ಕಡಿಯಲ್ಲಿ 34 ಪೆನ್ಸಿನ ಬಾಳೆಹಣ್ಣು ಮಾರಿ ಕೋರ್ಟಿನ ಕಟಕಟೆ ಹತ್ತಿದ. ಅಪ್ಪ ಬದುಕಿದ್ದರೆ ಆತನ ಪರ ಎರಡು ಮಾತಾಡುತ್ತಿದ್ದರೇನೋ. ನನಗಂತೂ ಕನಿಕರವಿಲ್ಲ. ಒಂದೇ ಬೀದಿಯಲ್ಲಿ ಎರಡು ತಕ್ಕಡಿ ಇದ್ದರೆ ಮೋಸ ಹೋಗುವವನು ಗಿರಾಕಿ.

• ‘ಪೌಂಡೇ ಮೂಲ, ಕಿಲೋ ನಿನ್ನೆ ಮೊನ್ನೆಯದು’ ಎಂದು ಅಲ್ಲಿ ಯಾರಾದರೂ ಜಂಬ ಕೊಚ್ಚಿದರೆ ನಗುತ್ತ ಹೇಳಿ: ಅಮೆರಿಕ 1893ರಿಂದಲೇ ಪೌಂಡನ್ನು ಕಿಲೋದ ಮೂಲಕವೇ ನಿರ್ಧರಿಸುತ್ತಿದೆ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮುಂತಾದ ಆರು ದೇಶಗಳು ಕೂಡಿ ಒಂದು ಪೌಂಡು ಎಂದರೆ 0.45359237 ಕಿಲೋ ಎಂದು ಒಪ್ಪಿಕೊಂಡವು. ಪೌಂಡಿಗೆ ಸ್ವಂತ ಮನೆಯಿಲ್ಲ, ಕಿಲೋದ ಜಗಲಿಯಲ್ಲಿದೆ.

• ಟನ್ನು ಮೂರು ಬಗೆ: ಬ್ರಿಟಿಷರ ಹಳೆಯದು 2,240 ಪೌಂಡು (1,016 ಕಿಲೋ), ಅಮೆರಿಕದ್ದು 2,000 ಪೌಂಡು (907 ಕಿಲೋ), ನಮ್ಮದು ಸಾವಿರ ಕಿಲೋ. ಮನೆವಾರ್ತೆಗೆ ಬೇಕಾಗದು, ಕಬ್ಬಿಣದ ವ್ಯಾಪಾರವಿದ್ದರೆ ಬೇಕು.

• ಚಿಕ್ಕಮಗಳೂರು, ಕೊಡಗಿನ ಕಾಫಿಯವರಿಗೆ ಊರು ಬಿಡದೆಯೂ ಪೌಂಡು ಗಂಟುಬಿದ್ದಿದೆ. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟು ಎಂದು ನಡೆಯುತ್ತದೆ, ರೊಬಸ್ಟಾದ್ದು ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು. ಎರಡನ್ನೂ ಹಾಗೆಯೇ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯದು. ಸೆಂಟಿನ ದರವನ್ನು 22ರಿಂದ ಗುಣಿಸಿದರೆ ಟನ್ನಿನ ಡಾಲರ್ ಸಿಗುತ್ತದೆ. ಪೌಂಡಿಗೆ 300 ಸೆಂಟು ಇದೆ ಎನ್ನೋಣ, ಟನ್ನಿಗೆ 6,600 ಡಾಲರ್, 50 ಕಿಲೋದ ಮೂಟೆಗೆ 330. ಇದು ಹದಮಾಡಿದ ಹಸಿರು ಬೀಜದ ಲೆಕ್ಕ. ನಿಮ್ಮ ಕಣದಲ್ಲಿರುವ ಪಾರ್ಚ್‌ಮೆಂಟ್ ಅಥವಾ ಚೆರ್ರಿ ಮೂಟೆಗೆ ಔಟ್‌ಟರ್ನ್, ಅಂದರೆ ಹದಮಾಡಿದ ಮೇಲೆ ಉಳಿಯುವ ಬೀಜದ ಪಾಲು, ಲೆಕ್ಕಹಾಕಿಯೇ ಮಾತಾಡಬೇಕು. ಅದನ್ನು ಮರೆತು ಏಜೆಂಟನ ಮೇಲೆ ರೇಗಿದವರನ್ನು ಕಂಡಿದ್ದೇನೆ.

• ಬೇಕರಿಯಲ್ಲಿ ಇವತ್ತಿಗೂ ‘ಒಂದು ಪೌಂಡ್ ಬ್ರೆಡ್ ಕೊಡಿ’ ಎನ್ನುತ್ತೇವೆ. ಪೊಟ್ಟಣ ತಿರುಗಿಸಿ ನೋಡಿ, ಸಾಮಾನ್ಯವಾಗಿ 400 ಗ್ರಾಂ ಇರುತ್ತದೆ. ಪೌಂಡ್ ಕೇಕು ಕೆಲವು ಕಡೆ ಅರ್ಧ ಕಿಲೋ. ನಾಲಿಗೆಯ ಪೌಂಡು ಬೇರೆ, ತಕ್ಕಡಿಯ ಪೌಂಡು ಬೇರೆ.

• ವಾಪಸು ಬರುವಾಗ ಮಗಳ ಮನೆಯ ಬಚ್ಚಲಿನ ತೂಕದ ಯಂತ್ರವೇ ಗತಿ. ಪೆಟ್ಟಿಗೆ ಅದರ ಮೇಲೆ ನಿಲ್ಲುವುದಿಲ್ಲ, ನಿಂತರೂ ಅಂಕಿ ಮುಚ್ಚಿಹೋಗುತ್ತದೆ. ಮೊದಲು ನೀವು ಹತ್ತಿ ನೋಡಿಕೊಳ್ಳಿ, ಆಮೇಲೆ ಪೆಟ್ಟಿಗೆ ಹಿಡಿದು ಹತ್ತಿ, ಒಂದರಿಂದ ಇನ್ನೊಂದು ಕಳೆಯಿರಿ. ಸೊಂಟ ಹುಷಾರು, ಅಳಿಯನನ್ನೇ ಹತ್ತಿಸುವುದು ವಾಸಿ. ಕಳೆದ ಸಲ ಹೀಗೆ ಕಳೆದಾಗ 49.5 ಪೌಂಡು ಬಂತು. ನಾನು ಜಿಪ್ಪು ಎಳೆಯಲು ಬಗ್ಗಿದೆ. ನನ್ನಾಕೆ ಹಿಡಿಕೆ ಹಿಡಿದು ಒಮ್ಮೆ ಎತ್ತಿದಳು, ಇಳಿಸಿದಳು, ಒಂದು ಪೌಂಡಿನ ಅಕ್ರೋಟಿನ ಪೊಟ್ಟಣ ತಂದು ಮೂಲೆಯಲ್ಲಿ ತುರುಕಿದಳು. ಕಡಿಮೆಯದನ್ನೇ ಹಿಡಿಯಬೇಕು ಎನ್ನುವ ನನ್ನ ಪಾಠ ಅವಳಿಗೆ ನಡೆಯುವುದಿಲ್ಲ. ದಾರಿಯುದ್ದಕ್ಕೂ ನಾನು 50.5ನ್ನು ಅರ್ಧ ಮಾಡುತ್ತ, ಕಳೆಯುತ್ತ ಕೂತಿದ್ದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಇಟ್ಟಾಗ ಅಂಕಿ ಮೂಡಿತು: 22.9 ಕಿಲೋ. ಅವಳು ಅದನ್ನು ನೋಡಲೂ ಇಲ್ಲ, ಪಾಸ್‌ಪೋರ್ಟು ಹುಡುಕುತ್ತಿದ್ದಳು.